ನೆಗಡಿಗೆ ಸೂಜಿ ಹಾಕಿ ಡಾಕ್ಟ್ರೇ

(ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಂಜೆ ಹಾಲು ಹಾಕುವ ಕೆಲಸ ಮುಗಿದ ಮೇಲೆ, ಡೇರಿ ಕಟ್ಟಡದ ಮುಂದೆ ಆಡಿದ ಮಾತು. ಬರೆಯುವಾಗ ಒಂದಿಷ್ಟು ಸೇರಿಸಿದ್ದೇನೆ, ಒಂದಿಷ್ಟು ಬಿಟ್ಟಿದ್ದೇನೆ.)

ಮೈಕು ನನ್ನ ಕೈಗೆ ಬರುವ ಮೊದಲೇ ಹಿಂದಿನ ಸಾಲಿನಲ್ಲಿ ಯಾರೋ ಸೀನಿದರು. ಒಂಟಿ ಸೀನು. ಪಕ್ಕದಲ್ಲಿದ್ದವರು "ಇನ್ನೊಂದು ಸೀನ್ಬಿಡಪ್ಪ, ಒಂಟಿ ಸೀನು ಒಳ್ಳೇದಲ್ಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇವತ್ತಿನ ವಿಷಯಕ್ಕೆ ಇದೇ ಸರಿಯಾದ ಪ್ರಾರ್ಥನೆ ಅಂದುಕೊಂಡೆ.

ನೆಗಡಿ ಬಗ್ಗೆ ಮಾತಾಡಿ ಅಂತ ಕೇಳಿದಾಗ ನನಗೆ ಸ್ವಲ್ಪ ಸಂಕೋಚವೇ ಆಗಿತ್ತು. ಸಕ್ಕರೆ ಕಾಯಿಲೆ, ಬಿಪಿ, ಹಾರ್ಟು ಅಂದರೆ ಜನ ಬರುತ್ತಾರೆ. ನೆಗಡಿ ಅಂದರೆ ಯಾರು ಬರುತ್ತಾರೆ? ಆದರೆ ಮೂವತ್ತು ವರ್ಷ ಈ ಸೀಮೆಯಲ್ಲಿ ಡಾಕ್ಟರ್ ಕೆಲಸ ಮಾಡಿದ್ದೇನೆ. ನನ್ನ ಮೇಜಿನ ಮುಂದೆ ಕೂತವರಲ್ಲಿ ಮೂಗು ಸೋರಿಸಿಕೊಂಡು ಬಂದವರೇ ಜಾಸ್ತಿ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ ನೆಗಡಿ ಬರುವುದು ಮಾಮೂಲು. ಚಿಕ್ಕ ಮಕ್ಕಳಿಗೆ ಆರರಿಂದ ಎಂಟು ಸಲ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. "ಈ ಮಗೂಗೆ ತಿಂಗಳು ತಿಂಗಳೂ ನೆಗಡಿ, ಮೈಯಲ್ಲಿ ಶಕ್ತಿನೇ ಇಲ್ಲ ಡಾಕ್ಟ್ರೇ" ಅಂತ ತಾಯಂದಿರು ಅಳುಮುಖ ಮಾಡಿಕೊಂಡು ಬರುತ್ತಿದ್ದರು. ಶಕ್ತಿ ಇಲ್ಲದ್ದಕ್ಕಲ್ಲಮ್ಮ, ಅಂಗನವಾಡಿಗೆ ಸೇರಿಸಿದ್ದಕ್ಕೆ ಅನ್ನುತ್ತಿದ್ದೆ.

ನಮ್ಮ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ. ಚಿಂತಾಮಣಿ, ಬಾಗೇಪಲ್ಲಿ ಕಡೆ ಜಲುಬು, ಪಡಿಶಂ ಅನ್ನುತ್ತಾರೆ. "ಪಡಿಶಂ ಪದಿ ರೋಗಾಲ ಪೆಟ್ಟು" ಅಂತ ಅವರ ಗಾದೆ. ಒಂದು ನೆಗಡಿ ಹತ್ತು ರೋಗಕ್ಕೆ ಸಮ ಅಂತ. ಕನ್ನಡದವರು "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ?" ಅನ್ನುತ್ತಾರೆ. ಒಂದು ಗಾದೆ ಹೆದರಿಸುತ್ತದೆ, ಇನ್ನೊಂದು ಸುಮ್ನೆ ಇರು ಅನ್ನುತ್ತದೆ. ನೆಗಡಿ ಬಂದಾಗ ನಾವೂ ಈ ಎರಡರ ಮಧ್ಯೆ ಓಡಾಡುತ್ತೇವೆ. ಎರಡು ದಿನ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಮೂರನೇ ದಿನ ಮೆಡಿಕಲ್ ಶಾಪಿಗೆ ಹೋಗಿ ಸಿಕ್ಕಿದ ಮಾತ್ರೆಯನ್ನೆಲ್ಲ ನುಂಗುತ್ತೇವೆ.

ನೆಗಡಿ ವೈರಸ್ಸಿನಿಂದ ಬರುತ್ತದೆ. ವೈರಸ್ ಅಂದರೆ ಏನು ಅಂತ ಬೇರೆ ಊರಾಗಿದ್ದರೆ ಅರ್ಧ ಗಂಟೆ ವಿವರಿಸಬೇಕಿತ್ತು. ಇಲ್ಲಿ ಒಂದೇ ಪ್ರಶ್ನೆ ಕೇಳಿದೆ. ಹಾಲುತೊಂಡೆ ಗೊತ್ತಲ್ವಾ?

ಗೊತ್ತಿಲ್ಲದೆ ಇರುತ್ತದೆಯೇ! ಕೂತವರಲ್ಲಿ ಮುಕ್ಕಾಲು ಜನ ರೇಷ್ಮೆ ಹುಳು ಮೇಯಿಸುವವರು, ಹಾಲುತೊಂಡೆ ಆ ಹುಳಕ್ಕೆ ಬರುವ ರೋಗ. ಹುಳು ಊದಿಕೊಂಡು, ಚರ್ಮ ಮಿರಮಿರ ಮಿಂಚುತ್ತದೆ. ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲೇ ಸುತ್ತುತ್ತದೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಬರುತ್ತದೆ. ಅದೂ ವೈರಸ್ಸೇ. ಸರಿ, ಅದಕ್ಕೆ ಏನು ಔಷಧಿ ಹಾಕುತ್ತೀರಿ ಅಂದೆ. ಮುಂದೆ ಕೂತಿದ್ದ ಯಜಮಾನರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಬಂದ್ಮೇಲೆ ಏನ್ ಔಷಧಿ ಸಾರ್? ರೋಗದ ಹುಳ ಆರಿಸಿ ಸುಣ್ಣ, ಬ್ಲೀಚಿಂಗ್ ನೀರಿಗೆ ಹಾಕೋದು. ಉಳಿದಿದ್ದನ್ನ ಕಾಪಾಡ್ಕೊಳೋದು."

ಮತ್ತೆ ನೆಗಡಿಗೆ ಸೂಜಿ ಯಾಕೆ ಕೇಳ್ತೀರಿ ಯಜಮಾನ್ರೇ ಅಂದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಒಂದು ವ್ಯತ್ಯಾಸ ಇದೆ, ಅದನ್ನು ಹೇಳಿಬಿಡಬೇಕು. ಹಾಲುತೊಂಡೆ ಬಂದ ಹುಳು ಉಳಿಯುವುದಿಲ್ಲ. ನೆಗಡಿ ಬಂದ ಮನುಷ್ಯ ಏಳರಿಂದ ಹತ್ತು ದಿನದಲ್ಲಿ ತಾನೇ ಸರಿಹೋಗುತ್ತಾನೆ. ಕೆಮ್ಮು ಮಾತ್ರ ಇನ್ನೊಂದು ವಾರ ಎಳೆಯಬಹುದು. ಔಷಧಿ ತಗೊಂಡರೆ ಒಂದು ವಾರ, ಇಲ್ಲದಿದ್ದರೆ ಏಳು ದಿನ ಅಂತ ನೀವೇ ತಮಾಷೆ ಮಾಡುತ್ತೀರಲ್ಲ, ಅದು ತಮಾಷೆ ಅಲ್ಲ, ಸರಿಯಾದ ವೈದ್ಯಶಾಸ್ತ್ರ.

ನೆಗಡಿ ತರುವ ವೈರಸ್ಸುಗಳು 200ಕ್ಕೂ ಹೆಚ್ಚು ಬಗೆ ಇವೆ. ಅದರಲ್ಲಿ ದೊಡ್ಡ ಪಾಲು ರೈನೋವೈರಸ್ಸಿನದು. ಗ್ರೀಕ್ ಭಾಷೆಯಲ್ಲಿ ಮೂಗಿಗೆ ಇರುವ ಮಾತಿನಿಂದ ಬಂದ ಹೆಸರು ಅದು. ಇದನ್ನು ಮೊದಲು ಹಿಡಿದದ್ದು 1950ರ ದಶಕದಲ್ಲಿ. ಈಗ ಅದರಲ್ಲೇ 160ಕ್ಕೂ ಹೆಚ್ಚು ತಳಿ ಗೊತ್ತಾಗಿವೆ. ಒಂದು ತಳಿ ಬಂದು ಹೋದರೆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಆದರೆ ಪಕ್ಕದ ತಳಿಯ ಗುರುತು ಸಿಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಬರುತ್ತದೆ. ನೆಗಡಿಗೆ ಲಸಿಕೆ ಇನ್ನೂ ಬಾರದೆ ಇರುವುದಕ್ಕೂ ಮುಖ್ಯ ಕಾರಣ ಇದೇ. ಎಷ್ಟು ತಳಿಗೆ ಅಂತ ಲಸಿಕೆ ಮಾಡುತ್ತೀರಿ?

ಈಗ ಸೂಜಿಯ ಕಥೆ. ಇದು ನನ್ನದೇ ತಪ್ಪು, ಬೇರೆಯವರ ಮೇಲೆ ಹಾಕುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತು. ನೆಗಡಿ ಅಂತ ಬಂದವರಿಗೆ ಬಿಸಿನೀರು ಕುಡೀರಿ, ಮಲಗಿ, ಸರಿಹೋಗುತ್ತೆ ಅಂತ ಕಳಿಸುತ್ತಿದ್ದೆ. ಒಂದು ತಿಂಗಳಲ್ಲಿ ಊರೆಲ್ಲ ಸುದ್ದಿಯಾಯಿತು, ಹೊಸ ಡಾಕ್ಟ್ರಿಗೆ ಏನೂ ಬರಲ್ಲ ಅಂತ. ಒಬ್ಬ ಅಜ್ಜಿಯಂತೂ ಸೆರಗಿನ ಗಂಟು ಬಿಚ್ಚಿ ದುಡ್ಡು ತೋರಿಸಿ, "ಕಾಸ್ ಇಲ್ದೆ ಬಂದಿಲ್ಲಪ್ಪ, ಸೂಜಿ ಹಾಕು" ಅಂದರು. ನಾನು ಸೋತೆ. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹಾಕಿದೆ. ನೆಗಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಜ್ಜಿ ಬಂದದ್ದು ಐದನೇ ದಿನ, ಏಳನೇ ದಿನಕ್ಕೆ ನೆಗಡಿ ಹೋಯಿತು. ಮುಂದಿನ ವಾರ ಅದೇ ಬೀದಿಯಿಂದ ಆರು ಜನ ಬಂದರು, "ಅಜ್ಜಿಗೆ ಹಾಕಿದ್ರಲ್ಲ, ಅದೇ ಸೂಜಿ" ಅಂತ. ಆ ಅಭ್ಯಾಸ ಬಿಡಲು ನನಗೆ ಎರಡು ಮೂರು ವರ್ಷ ಬೇಕಾಯಿತು. ರೋಗ ಇಳಿಯುವ ಹೊತ್ತಿಗೆ ಏನು ಕೊಟ್ಟರೂ ಅದಕ್ಕೇ ಹೆಸರು ಬರುತ್ತದೆ. ನನ್ನ ಕೈಗುಣ ಚೆನ್ನಾಗಿದೆ ಅಂತ ಹೆಸರಾದದ್ದೂ ಹೀಗೇ.

ಬಿ ಕಾಂಪ್ಲೆಕ್ಸಿನಿಂದ ದೊಡ್ಡ ಕೆಡುಕೇನೂ ಆಗಲಿಲ್ಲ. ಆ್ಯಂಟಿಬಯೋಟಿಕ್ ವಿಷಯ ಹಾಗಲ್ಲ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟುವುದಿಲ್ಲ. ನೆಗಡಿಗೆ ನುಂಗಿದರೆ ಹೊಟ್ಟೆ ಕೆಡುತ್ತದೆ, ಮೈಯಲ್ಲಿರುವ ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗುತ್ತವೆ. ಮುಂದೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದೇ ಮಾತ್ರೆ ಕೈ ಕೊಡುತ್ತದೆ. "ಸಿಂಬಳ ಹಸಿರಾಗಿದೆ, ಇನ್ಫೆಕ್ಷನ್ ಆಗಿದೆ, ಮೂರು ದಿನದ ಮಾತ್ರೆ ಕೊಡಿ" ಅಂತ ಮೆಡಿಕಲ್ ಶಾಪಿನಲ್ಲಿ ಕೇಳುತ್ತಾರೆ. ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಅವುಗಳೊಳಗೆ ಹಸಿರು ಬಣ್ಣದ ಒಂದು ಕಿಣ್ವ ಇದೆ. ಹೋರಾಡಲು ಬಂದು ಸತ್ತ ಕಣಗಳು ಸಿಂಬಳದಲ್ಲಿ ಸೇರಿದಾಗ ಆ ಬಣ್ಣ ಕಾಣುತ್ತದೆ. ಮಾಮೂಲು ನೆಗಡಿಯಲ್ಲೂ ಸಿಂಬಳ ನೀರಾಗಿ ಶುರುವಾಗಿ, ಮೂರು ನಾಲ್ಕನೇ ದಿನಕ್ಕೆ ಗಟ್ಟಿಯಾಗಿ, ಹಳದಿ ಹಸಿರಿಗೆ ತಿರುಗಿ, ಆಮೇಲೆ ಹೋಗುತ್ತದೆ.

ಮೂಗು ಕಟ್ಟುವುದರ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಸಿಂಬಳ ತುಂಬಿ ಮೂಗು ಕಟ್ಟಿದೆ ಅಂದುಕೊಳ್ಳುತ್ತೇವೆ. ಹಾಗಾದರೆ ಮುಖ ಕೆಂಪಾಗುವವರೆಗೆ ಊದಿದರೂ ಒಮ್ಮೊಮ್ಮೆ ಒಂದು ತೊಟ್ಟೂ ಯಾಕೆ ಬರುವುದಿಲ್ಲ? ಮೂಗಿನೊಳಗೆ ಒಂದೊಂದು ಕಡೆ ಮೂರು ಮಡಿಕೆ ಇವೆ. ಮೇಲೆ ಮೆತ್ತನೆ ಪದರ, ಒಳಗೆ ರಕ್ತನಾಳದ ಗೊಂಚಲು. ನೆಗಡಿಯಲ್ಲಿ ಆ ನಾಳಗಳಲ್ಲಿ ರಕ್ತ ತುಂಬಿ ಮಡಿಕೆ ಊದಿಕೊಳ್ಳುತ್ತದೆ, ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ ನೋಡಿ. ಎಡ ಮಗ್ಗುಲಿಗೆ ಮಲಗಿದರೆ ಸ್ವಲ್ಪ ಹೊತ್ತಿಗೆ ಕೆಳಗಿರುವ ಎಡ ಹೊಳ್ಳೆ ಬಿಗಿಯಾಗುತ್ತದೆ. ಬಲಕ್ಕೆ ತಿರುಗಿದರೆ ನಿಧಾನಕ್ಕೆ ಬಲ ಹೊಳ್ಳೆ. ನೆಗಡಿ ಇಲ್ಲದಾಗಲೂ ಕೆಲವು ಗಂಟೆಗೊಮ್ಮೆ ಎರಡು ಹೊಳ್ಳೆಗಳು ಪಾಳಿ ಬದಲಿಸುತ್ತವೆ, ಆಗ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಅಂದ ಹಾಗೆ, ಜೋರಾಗಿ ಊದಬೇಡಿ. ಕಿವಿಗೆ ಒತ್ತಡ ಬೀಳುತ್ತದೆ. ಒಂದೊಂದೇ ಹೊಳ್ಳೆ, ಮೆಲ್ಲಗೆ.

ಈ ಬಾಗಿಲು ಮುಚ್ಚಿದಾಗ ಮೊದಲು ಹೋಗುವುದು ವಾಸನೆ. ಡಿಸೆಂಬರಿನಲ್ಲಿ ನೆಗಡಿ ಬಂದವರ ಕಷ್ಟ ನನಗೆ ಗೊತ್ತು. ಇಬ್ಬನಿ ಬಿದ್ದ ಅವರೆಕಾಯಿ ಮನೆಗೆ ಬಂದಿರುತ್ತದೆ, ಹಿತಕಿದ ಬೇಳೆ ಸಾರು ಕುದಿಯುತ್ತಿರುತ್ತದೆ, ಮುದ್ದೆ ತಟ್ಟೆಗೆ ಬಿದ್ದಿರುತ್ತದೆ. ತುತ್ತು ಅದ್ದಿ ನುಂಗಿದರೆ ಉಪ್ಪು, ಖಾರ ಮಾತ್ರ ಗೊತ್ತಾಗುತ್ತದೆ. ಸೊಗಡೇ ಇಲ್ಲ. ಯಾಕೆಂದರೆ ಸೊಗಡು ನಾಲಿಗೆಗೆ ಸೇರಿದ್ದಲ್ಲ, ಮೂಗಿಗೆ ಸೇರಿದ್ದು. ನಾಲಿಗೆಗೆ ಗೊತ್ತಾಗುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕೈದು ರುಚಿ ಅಷ್ಟೇ.

ಮಳೆಯಲ್ಲಿ ನೆಂದರೆ ನೆಗಡಿ ಬರುತ್ತದಾ? ಎಲ್ಲ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ. ಇಂಗ್ಲೆಂಡಿನ ಸಾಲಿಸ್ಬರಿ ಹತ್ತಿರ 1946ರಿಂದ 1990ರವರೆಗೆ ನೆಗಡಿಯನ್ನೇ ಅಧ್ಯಯನ ಮಾಡುವ ಒಂದು ಕೇಂದ್ರ ನಡೆಯಿತು. ಸಾವಿರಾರು ಜನ ತಾವಾಗಿಯೇ ಅಲ್ಲಿಗೆ ಹೋಗಿ, ಸುಮಾರು ಹತ್ತು ದಿನ ಉಳಿದು, ಮೂಗಿಗೆ ನೆಗಡಿಯ ಹನಿ ಹಾಕಿಸಿಕೊಂಡರು. ಊಟ, ವಸತಿ ಎಲ್ಲ ಪುಕ್ಕಟೆ. ರಜೆ ಕಳೆಯಲು ಅಂತಲೇ ಹೋದವರೂ ಇದ್ದರಂತೆ! ಅಲ್ಲಿ ಕೆಲವರಿಗೆ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲಿ ಗಾಳಿಗೆ ನಿಲ್ಲಿಸಿ, ಒದ್ದೆ ಕಾಲುಚೀಲ ಹಾಕಿಸಿದರು. ವೈರಸ್ ಇಲ್ಲದೆ ಬರೀ ಚಳಿಯಿಂದ ಯಾರಿಗೂ ನೆಗಡಿ ಬರಲಿಲ್ಲ. ಆದರೆ ಮನೆಯ ಅಜ್ಜಿಯರು ಪೂರ್ತಿ ತಪ್ಪು ಅಂತಲೂ ಅನ್ನಲಾಗದು. 2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 90 ಜನರ ಕಾಲನ್ನು 20 ನಿಮಿಷ ತಣ್ಣೀರಿನಲ್ಲಿ ಇಡಿಸಿದರು, ಇನ್ನು 90 ಜನರ ಕಾಲನ್ನು ಖಾಲಿ ಪಾತ್ರೆಯಲ್ಲಿ. ಮುಂದಿನ ನಾಲ್ಕೈದು ದಿನದಲ್ಲಿ ತಣ್ಣೀರಿನವರಲ್ಲಿ 13 ಜನ ನೆಗಡಿ ಅಂದರು, ಖಾಲಿ ಪಾತ್ರೆಯವರಲ್ಲಿ 5 ಜನ. ಮೊದಲೇ ಮೂಗಿನಲ್ಲಿ ಸುಮ್ಮನೆ ಕೂತಿದ್ದ ವೈರಸ್ಸಿಗೆ ಚಳಿ ದಾರಿ ಮಾಡಿಕೊಡಬಹುದು ಅಂತ ಅವರ ಊಹೆ. ರೈನೋವೈರಸ್ ಚೆನ್ನಾಗಿ ಬೆಳೆಯುವುದೂ ಸುಮಾರು 33 ಡಿಗ್ರಿಯಲ್ಲಿ. ಮೈಯೊಳಗೆ 37 ಡಿಗ್ರಿ ಇರುತ್ತದೆ, ಮೂಗು ಅದಕ್ಕಿಂತ ತಂಪು.

ನನ್ನ ಲೆಕ್ಕ ಇನ್ನೊಂದಿದೆ. ನಮ್ಮಲ್ಲಿ ಮುಂಗಾರು ಶುರುವಾಗುವ ಹೊತ್ತಿಗೇ ಶಾಲೆಯೂ ಶುರುವಾಗುತ್ತದೆ. ಎರಡು ತಿಂಗಳು ಬೇರೆ ಬೇರೆ ಊರಲ್ಲಿದ್ದ ಮಕ್ಕಳು ಒಂದೇ ಕೋಣೆಯಲ್ಲಿ, ಮಳೆ ಅಂತ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ. ಮನೆಗೆ ಬರುವಾಗ ಪಾಠದ ಜೊತೆ ಗೊಣ್ಣೆಯನ್ನೂ ತರುತ್ತಾರೆ. ನಾವು ಮಳೆಯನ್ನು ಬೈಯುತ್ತೇವೆ.

ಹರಡುವುದು ಹೇಗೆ ಅನ್ನುವುದನ್ನು ನಿಮ್ಮ ಹುಳು ಮನೆಯಿಂದಲೇ ಹೇಳಬೇಕು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲೂ ಹುಳು ಇತ್ತು. ಚಾಕಿ ಹುಳು, ಅಂದರೆ ಮರಿ ಹುಳು, ತಂದ ದಿನದಿಂದ ಅಮ್ಮ ಬೇರೆಯೇ ಮನುಷ್ಯಳಾಗುತ್ತಿದ್ದಳು. ಬಾಗಿಲಲ್ಲಿ ಸುಣ್ಣ. ಚಪ್ಪಲಿ ಹೊರಗೆ. ಕೈ ತೊಳೆಯದೆ ಸೊಪ್ಪು ಮುಟ್ಟುವ ಹಾಗಿಲ್ಲ. ನೆಂಟರು ಬಂದರೂ ಒಳಗೆ ಬಿಡುತ್ತಿರಲಿಲ್ಲ, ಬೇರೆಯವರ ಹುಳು ಮನೆಗೆ ಹೋಗಿ ಬಂದವರನ್ನಂತೂ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಗಾಳಿ ಆಡಲಿ ಅಂತ ಕಿಟಕಿ ತೆರೆದಿಡುತ್ತಿದ್ದಳು. ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಸೊಪ್ಪು ನಿಲ್ಲಿಸಿ ಸುಮ್ಮನಾದರೆ, ಮನೆಯಲ್ಲಿ ಜೋರಾಗಿ ಮಾತಾಡಿದರೂ ಬೈಗುಳ. ಅದೇ ಅಮ್ಮ ಹೊರಗೆ ಬಂದು, ಗೊಣ್ಣೆ ಸುರಿಸುತ್ತಿದ್ದ ನನ್ನ ತಮ್ಮನ ಮೂಗನ್ನು ಸೆರಗಿನಲ್ಲಿ ಒರೆಸಿ, ಅದೇ ಸೆರಗಿನಲ್ಲಿ ಕೈ ಒರೆಸಿಕೊಂಡು, ಮುದ್ದೆ ಮುರಿದು ನಮ್ಮೆಲ್ಲರ ತಟ್ಟೆಗೆ ಹಾಕುತ್ತಿದ್ದಳು. ಮೂರನೇ ದಿನ ಮನೆಮಂದಿಗೆಲ್ಲ ನೆಗಡಿ. ಹುಳಕ್ಕೆ ಏನೂ ಆಗುತ್ತಿರಲಿಲ್ಲ.

ಮೂರನೇ ದಿನ ಅಂತ ಸುಮ್ಮನೆ ಹೇಳಲಿಲ್ಲ. ವೈರಸ್ ಒಳಗೆ ಹೋದ ಮೇಲೆ ನೆಗಡಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಸೀನು, ಕೆಮ್ಮಿನ ಹನಿ ಗಾಳಿಯಲ್ಲಿ ಬರುತ್ತದೆ. ಕೈಯಿಂದಲೂ ಬರುತ್ತದೆ. ಸಿಂಬಳ ಮುಟ್ಟಿದ ಕೈ, ಬಾಗಿಲ ಚಿಲಕ, ಮೊಬೈಲು, ಇನ್ನೊಬ್ಬರ ಕೈ, ಅವರ ಕಣ್ಣು, ಮೂಗು. ನೀವು ಈ ಮಾತು ಕೇಳುತ್ತಾ ಎಷ್ಟು ಸಲ ಮೂಗು ಮುಟ್ಟಿಕೊಂಡಿರಿ ಅಂತ ನಾನು ಎಣಿಸುತ್ತಿದ್ದೆ, ಆಮೇಲೆ ಬಿಟ್ಟೆ. ನಾನೇ ನಾಲ್ಕು ಸಲ ಮುಟ್ಟಿಕೊಂಡಿದ್ದೆ. ಸೋಪು ಹಾಕಿ ಕೈ ತೊಳೆಯುವುದು, ಸೀನುವಾಗ ಅಂಗೈ ಬಿಟ್ಟು ಮೊಣಕೈ ಮಡಚಿ ಅಡ್ಡ ಹಿಡಿಯುವುದು, ಮೂಗು ಒರೆಸಿದ ಬಟ್ಟೆಯನ್ನು ಬೇರೆ ಇಡುವುದು, ಕಿಟಕಿ ತೆರೆಯುವುದು. ಇದರಲ್ಲಿ ನೀವು ಹುಳಕ್ಕೆ ಮಾಡದೆ ಇರುವುದು ಮೊಣಕೈ ಒಂದೇ.

ಮನೆಮದ್ದಿನ ಬಗ್ಗೆ ನನಗೆ ಜಗಳ ಇಲ್ಲ. ಮೆಣಸಿನ ಸಾರು, ಹುರುಳಿ ಕಟ್ಟು, ನಾಟಿ ಕೋಳಿ ಸಾರು, ಶುಂಠಿ ಕಷಾಯ ಎಲ್ಲ ಹಿತ. ಖಾರಕ್ಕೆ ಮೂಗು ಸೋರುತ್ತದೆ, ಬಿಸಿಗೆ ಗಂಟಲು ಸಡಿಲವಾಗುತ್ತದೆ. ವೈರಸ್ ಸಾಯುವುದಿಲ್ಲ, ಮನುಷ್ಯನಿಗೆ ಸಮಾಧಾನವಾಗುತ್ತದೆ. ಅದು ಕಮ್ಮಿ ಅಲ್ಲ. ಅಮೃತಾಂಜನ, ವಿಕ್ಸ್ ಹಚ್ಚಿದಾಗ ಮೂಗು ತೆರೆದ ಹಾಗೆ ಅನಿಸುತ್ತದೆ. ಅಳೆದು ನೋಡಿದರೆ ದಾರಿ ಅಷ್ಟೇ ಇರುತ್ತದೆ. ಅದರಲ್ಲಿರುವ ಮೆಂಥಾಲ್ ಮೂಗಿನ ತಂಪಿನ ನರವನ್ನು ಎಬ್ಬಿಸುತ್ತದೆ, ಮೆದುಳು ಗಾಳಿ ಬಂತು ಅಂದುಕೊಳ್ಳುತ್ತದೆ. ಒಳ್ಳೆಯ ಮೋಸ. ಹಸುಗೂಸಿನ ಮೂಗಿನ ಹತ್ತಿರ ಮಾತ್ರ ಹಚ್ಚಬೇಡಿ. ಆವಿ ತಗೊಳ್ಳುವುದಾದರೆ ದೊಡ್ಡವರು ತಗೊಳ್ಳಿ. ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದಿಸಿ ಮಗುವನ್ನು ಕೂರಿಸಿ, ಅದು ಒದರಾಡಿ, ನೀರು ತೊಡೆ ಮೇಲೆ ಚೆಲ್ಲಿ ಬಂದ ಮಕ್ಕಳನ್ನು ನೋಡಿದ್ದೇನೆ. ನೆಗಡಿ ವಾರದಲ್ಲಿ ಹೋಗುತ್ತಿತ್ತು, ಆ ಕಲೆ ಹೋಗಲಿಲ್ಲ. ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು, ಆದರೆ ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೂ ಬಾರದು.

ಸೀಬೆ ಹಣ್ಣು ತಿಂದರೆ ನೆಗಡಿ ಅಂತ ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತೀರಿ, ಆಮೇಲೆ ಮೆಡಿಕಲ್ ಶಾಪಿನಿಂದ ವಿಟಮಿನ್ ಸಿ ಮಾತ್ರೆ ತರುತ್ತೀರಿ. ಸೀಬೆಯಲ್ಲಿ ಕಿತ್ತಳೆಗಿಂತ ಜಾಸ್ತಿ ವಿಟಮಿನ್ ಸಿ ಇದೆ. ಅದಿರಲಿ, ನೆಗಡಿ ಶುರುವಾದ ಮೇಲೆ ಆ ಮಾತ್ರೆಯಿಂದ ಹೇಳಿಕೊಳ್ಳುವಂಥ ಉಪಯೋಗ ಕಂಡಿಲ್ಲ.

ಮಕ್ಕಳ ಸಿರಪ್ಪಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಇತ್ತು, ಅದು ಕಿಡ್ನಿಯನ್ನು ಹಾಳು ಮಾಡುತ್ತದೆ. ಆ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಎರಡು ವರ್ಷದೊಳಗಿನವರಿಗೆ ಕೆಮ್ಮು, ನೆಗಡಿ ಸಿರಪ್ ಬೇಡ, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಅಂದಿತು. ಪಕ್ಕದ ಮನೆಯವರ ಬಾಟಲಿಯಲ್ಲಿ ಉಳಿದದ್ದನ್ನು ಅರ್ಧ ಮುಚ್ಚಳ ಹಾಕುವುದನ್ನು ಇವತ್ತೇ ಬಿಡಿ. ಮಗುವಿನ ಮೂಗು ಕಟ್ಟಿದರೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು.

ವರ್ಷಪೂರ್ತಿ ನೆಗಡಿ ಅನ್ನುವವರು ಇಲ್ಲೇ ಕೆಲವರು ಇದ್ದೀರಿ. ಅದು ನೆಗಡಿ ಆಗಿರಲಾರದು. ಜ್ವರ ಇಲ್ಲ, ಬೆಳಗ್ಗೆ ಎದ್ದರೆ ಸಾಲು ಸೀನು, ಮೂಗು ಕಣ್ಣು ನವೆ, ಸಿಂಬಳ ನೀರು ನೀರು. ಇದು ಅಲರ್ಜಿ. ಹೊಲದ ಬದುವಿನ ಪಾರ್ಥೇನಿಯಂ ಹೂವಿನ ಪುಡಿಯಿಂದ ಬರುತ್ತದೆ. ನೂಲು ಬಿಚ್ಚುವ ಕಡೆ ಕೆಲಸ ಮಾಡುವವರಿಗೆ ರೇಷ್ಮೆಯ ಅಂಟು, ಗೂಡಿನ ಧೂಳು, ಬಿಸಿ ನೀರಿನ ಹಬೆಯಿಂದ ಅಲರ್ಜಿ, ಉಬ್ಬಸ ಬರುವುದು ಹೊಸತಲ್ಲ. ರಜೆ ದಿನ ಕಮ್ಮಿಯಾಗಿ ಕೆಲಸಕ್ಕೆ ಹೋದರೆ ಜಾಸ್ತಿಯಾಗುತ್ತಿದ್ದರೆ ಡಾಕ್ಟರಿಗೆ ಅದನ್ನೇ ಹೇಳಿ. ಅದಕ್ಕೆ ಔಷಧಿ ಬೇರೆ.

ಇನ್ನು, ಯಾವಾಗ ಸುಮ್ಮನೆ ಇರಬಾರದು? ಮಗುವಿನ ಅಂಗಿ ಎತ್ತಿ, ಮಲಗಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಗು ಹಾಲು ಬಿಟ್ಟರೂ ಅಷ್ಟೇ. ದೊಡ್ಡವರಿಗೆ ಮೂರು ದಿನ ದಾಟಿದ ಜ್ವರ, ಉಸಿರಾಟದ ಕಷ್ಟ, ಎದೆ ನೋವು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಕ್ಷಯ ಇದೆಯೋ ಅಂತ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ ಇದ್ದರೆ ಕೇಳಿ ಅಂದೆ. ಸುಣ್ಣ, ಬ್ಲೀಚಿಂಗ್ ಅಂದಿದ್ದ ಅದೇ ಯಜಮಾನರು ಎದ್ದರು. ಅಷ್ಟು ಹೊತ್ತೂ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಅನುಮಾನ.

"ಸಾರ್, ನಮ್ಗೆ ನೆಗಡಿ ಇದ್ದಾಗ ಹುಳು ಮನೆಗೆ ಹೋದ್ರೆ ಹುಳಕ್ಕೆ ಬರುತ್ತಾ?"

ಇಲ್ಲ, ನಮ್ಮ ನೆಗಡಿ ವೈರಸ್ಸಿಗೆ ಹುಳು ಬೇಡ, ಹಾಲುತೊಂಡೆಯ ವೈರಸ್ಸಿಗೆ ನಾವು ಬೇಡ, ಅದು ಮನುಷ್ಯರಿಗೆ ಅಂಟುವುದಿಲ್ಲ ಅಂದೆ.

"ಅಷ್ಟ್ ಸಾಕು ಬಿಡಿ" ಅಂತ ಅವರು ಟವೆಲ್ ಹೆಗಲಿಗೆ ಹಾಕಿಕೊಂಡರು. ಮೊಬೈಲು ನೋಡಿ, ಸೊಪ್ಪು ಹಾಕುವ ಹೊತ್ತಾಯಿತು ಅಂತ ಹೊರಟರು. ಗೇಟಿನ ಹತ್ತಿರ ಸೀನು ಬಂತು. ಅರ್ಧ ಎತ್ತಿದ ಅಂಗೈಯನ್ನು ಇಳಿಸಿ, ನಮ್ಮ ಕಡೆ ಒಮ್ಮೆ ತಿರುಗಿ ನೋಡಿ, ಮೊಣಕೈ ಮಡಚಿದರು.